ಕುಡಿದ ನೀರು ಒಳಗೆ ಹೋಗುವ ಬಾಗಿಲು

‘ಬೆಟ್ಟ ಹತ್ತುವಾಗ ನೀರು ಕುಡಿದರೆ ಕುಡಿದಷ್ಟೂ ಬೆವರಾಗಿ ಹರಿದುಹೋಗುತ್ತದೆ, ತಡೆದುಕೊಂಡು ಕೆಳಗಿಳಿದ ಮೇಲೆ ಕುಡಿಯಬೇಕು ಅಂತಾರೆ ನಮ್ಮ ತಂಡದ ಹಿರಿಯರು. ನಿಜವಾ?’ ತುಮಕೂರಿನ ಕಾಲೇಜು ಹುಡುಗಿಯೊಬ್ಬಳ ಪ್ರಶ್ನೆ ಇದು. ಶಿವರಾತ್ರಿ ಕಳೆದು ಬಂಡೆಗಳು ಕಾಯತೊಡಗಿದ ಹೊತ್ತಿಗೆ ಸರಿಯಾಗಿ ಬಂದಿದೆ.

ಸುಳ್ಳು, ತಂಗಿ. ಜೀವಕ್ಕೆ ಎರವಾಗುವಂಥ ಸುಳ್ಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲೂ ಈ ನಂಬಿಕೆ ಬೇರುಬಿಟ್ಟಿತ್ತು. ಕಡಿಮೆ ನೀರಿಗೆ ರೂಢಿ ಮಾಡಿಸಿದರೆ ಸೈನಿಕ ಗಟ್ಟಿಯಾಗುತ್ತಾನೆ ಎಂದುಕೊಂಡಿದ್ದರು. ರಾಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಅಡಾಲ್ಫ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸೈನಿಕರನ್ನು ನಡೆಸಿದರು, ತೂಗಿದರು, ಬೆವರನ್ನು ಲೆಕ್ಕ ಹಾಕಿದರು. ಕುಡಿದವನ ಮೈಯೂ ಕುಡಿಯದವನ ಮೈಯೂ ಹೆಚ್ಚುಕಡಿಮೆ ಒಂದೇ ಸಮ ಬೆವರಿತು. ಕುಡಿಯದವನು ಬೇಗ ಕುಸಿದ, ಅಷ್ಟೇ ವ್ಯತ್ಯಾಸ. ಬಾಯಾರಿಕೆಗೆ ದೇಹವನ್ನು ಪಳಗಿಸಲು ಆಗುವುದಿಲ್ಲ ಎಂಬುದು 1947ರಲ್ಲಿ ಪುಸ್ತಕವಾಗಿಯೇ ಬಂತು. ಆದರೂ ನಮ್ಮ ಬೆಟ್ಟಗಳ ಬುಡದಲ್ಲಿ ಆ ಮಾತು ಇನ್ನೂ ಸತ್ತಿಲ್ಲ.

ಬೆವರು ನಷ್ಟವಲ್ಲ, ಅದು ನಮ್ಮ ಕೂಲರ್. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಬಿಸಿಲಲ್ಲಿ ಏರುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಹೋಗುವುದು ಸಾಮಾನ್ಯ. ಅದನ್ನು ತುಂಬಿಕೊಡುವುದೊಂದೇ ದಾರಿ.

ನನಗೆ ಇದರಲ್ಲಿ ಬಹಳ ಇಷ್ಟವಾದ ಸಂಗತಿ ಬೇರೆಯೇ ಇದೆ. ಕುಡಿದ ನೀರು ಹೊಟ್ಟೆಯಲ್ಲಿದ್ದರೆ ಅದಿನ್ನೂ ನಮ್ಮದಾಗಿಲ್ಲ. ಬಾಯಿಂದ ಗುದದವರೆಗಿನ ಕೊಳವೆ ಒಂದು ಲೆಕ್ಕದಲ್ಲಿ ದೇಹದ ಹೊರಗೇ ಇದೆ. ಸಣ್ಣಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿದ ಮೇಲಷ್ಟೇ ನೀರು ನಮ್ಮದು. ಆ ಗೋಡೆಯಲ್ಲಿ ನೀರನ್ನು ಎಳೆದು ತರುವ ಪಂಪೇ ಇಲ್ಲ! ನೀರು ಉಪ್ಪಿನ ಬೆನ್ನು ಹತ್ತಿ ಬರುತ್ತದೆ. ಉಪ್ಪಾದರೋ ಸಕ್ಕರೆಯ ಕೈ ಹಿಡಿದು ಬರುತ್ತದೆ. ಕರುಳಿನ ಜೀವಕೋಶಗಳ ಮೇಲೆ ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನಿನ ಪುಟ್ಟ ಬಾಗಿಲುಗಳಿವೆ. ಎರಡು ಸೋಡಿಯಂ ಮತ್ತು ಒಂದು ಗ್ಲೂಕೋಸ್ ಜೊತೆಯಾಗಿ ಬಂದು ಕೂತರೆ ಬಾಗಿಲು ಮಗ್ಗುಲು ಬದಲಿಸಿ ಮೂವರನ್ನೂ ಒಳಗೆ ಬಿಡುತ್ತದೆ. ಗ್ಲೂಕೋಸ್ ಒಂಟಿಯಾಗಿ ಬಂದರೆ ಈ ಬಾಗಿಲಲ್ಲಿ ಪ್ರವೇಶವಿಲ್ಲ. ಇದನ್ನು ಮೊದಲು ಊಹಿಸಿ ಹೇಳಿದವನು ರಾಬರ್ಟ್ ಕ್ರೇನ್, 1960ರಲ್ಲಿ, ಪ್ರಾಗ್ ನಗರದ ಒಂದು ಸಭೆಯಲ್ಲಿ. ಬಾಗಿಲು ಒಮ್ಮೆ ತಿರುಗಿದರೆ ಸುಮಾರು 260 ನೀರಿನ ಅಣುಗಳು ಜೊತೆಗೆ ದಾಟುತ್ತವೆ ಎಂದು 1996ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. ನೀರು ಅದೇ ಬಾಗಿಲಿಂದ ಬರುತ್ತದೋ ಪಕ್ಕದ ಸಂದಿಯಿಂದಲೋ ಎಂಬ ವಾದ ಬೇರೆ ಇದೆ. ಬರುವುದಂತೂ ಖಂಡಿತ.

ಈ ಪುಟ್ಟ ಬಾಗಿಲು ಎಷ್ಟು ಜೀವ ಉಳಿಸಿತು ಗೊತ್ತೇ? 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದರು, ಹಿಂದೆಯೇ ಕಾಲರಾ ಬಂತು. ನರಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡ ಬೆರೆಸಿ, ನಲ್ಲಿ ಇಟ್ಟ ಡ್ರಮ್ಮುಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶಿಬಿರದಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿ ಇದೇ ವಂಶದ್ದು.

ರಾಮನವಮಿಯ ದಿನ ಪಾನಕದ ಬೆಲ್ಲ, ಕೋಸಂಬರಿಯ ಉಪ್ಪು, ನೀರುಮಜ್ಜಿಗೆ ಒಂದಾದ ಮೇಲೊಂದು ಹೊಟ್ಟೆಗಿಳಿಯುವಾಗ ನನಗೆ ಈ ಬಾಗಿಲೇ ಕಣ್ಣಮುಂದೆ ಬರುತ್ತದೆ. ಹಾಗೆಂದು ‘ನಮ್ಮ ಪೂರ್ವಿಕರಿಗೆ ಎಲ್ಲ ಗೊತ್ತಿತ್ತು’ ಎನ್ನಬೇಡಿ. ಈ ಬಾಗಿಲಿನ ಸುಳಿವು ಯಾರಿಗೂ ಇರಲಿಲ್ಲ. ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಟ್ಟರೆ ಮುಖ ಅರಳುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಆ ಕಾಣ್ಕೆಗೆ ಸಲ್ಲಬೇಕಾದ ಗೌರವ ಸಲ್ಲಲಿ, ಇಲ್ಲದ ಕಿರೀಟ ಬೇಡ.

ಒಂದೆರಡು ಗಂಟೆಯ ಬೆಟ್ಟಕ್ಕೆ ಬರೀ ನೀರು, ಜೊತೆಗೆ ಬುತ್ತಿ ಸಾಕು. ಚಿತ್ರಾನ್ನ, ಉಪ್ಪಿನಕಾಯಿ ಉಪ್ಪಿನ ಕೆಲಸ ಮಾಡುತ್ತವೆ. ಇಡೀ ದಿನ ಬಿಸಿಲಲ್ಲಿರುವುದಾದರೆ ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ಪುಡಿ ಸಿಗದಿದ್ದರೆ ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಿ. ‘ಶಕ್ತಿ ಬರಲಿ’ ಎಂದು ಸಕ್ಕರೆ ಸುರಿದರೆ ಕರುಳು ರಕ್ತದಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ತಂಪು ಪಾನೀಯದ ಬಾಟಲಿಯಲ್ಲೂ ಸಕ್ಕರೆಯ ಪಾಲು ಹೀಗೇ ಅತಿ.

ಇನ್ನು ಕೆಳಗಿಳಿದ ಮೇಲೆ ಒಟ್ಟಿಗೆ ಗಟಗಟ ಕುಡಿಯುವ ಮಾತು. ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ ಲೀಟರಿನಷ್ಟು ನೀರನ್ನು ಹೊರಹಾಕಬಲ್ಲವು. ಅದನ್ನು ಮೀರಿ ಬರೀ ನೀರು ಸುರಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಜನರಲ್ಲಿ ಈ ತೊಂದರೆ ಕಂಡಿತು. ತಲೆನೋವು, ವಾಂತಿ, ಮಂಕು, ಎಲ್ಲವೂ ನೀರು ಸಾಲದವರ ಲಕ್ಷಣದ ಹಾಗೇ. ಅದನ್ನು ತಿಳಿಯದೆ ಜೊತೆಯವರು ಇನ್ನಷ್ಟು ನೀರು ಕುಡಿಸುತ್ತಾರೆ! ಬಾಯಾರಿದಾಗಲೆಲ್ಲ ನಾಲ್ಕು ಗುಟುಕು, ಇದೇ ಕ್ಷೇಮ.

ಕಳೆದ ಮಾರ್ಚಿನಲ್ಲಿ ಮಾಗಡಿ ಬಳಿಯ ಸಾವನದುರ್ಗ ಹತ್ತಿದ್ದೆ. ನೆರಳಿಲ್ಲದ ಬೋಳು ಬಂಡೆ, ಅಂಗೈ ಊರಿದರೆ ಚುರುಕ್ ಎನ್ನುತ್ತಿತ್ತು. ತುದಿಯ ನಂದಿ ಮಂಟಪದ ನೆರಳಲ್ಲಿ ಹುಡುಗನೊಬ್ಬ ಕಾಲು ಚಾಚಿ ಕೂತಿದ್ದ. ತುಟಿ ಒಣಗಿ ಬಿರಿದಿತ್ತು, ಮಾತು ತೊದಲುತ್ತಿತ್ತು. ಕಪ್ಪು ಟೀ ಶರ್ಟಿನ ಬೆನ್ನ ಮೇಲೆ ಬೆವರು ಆರಿದಲ್ಲೆಲ್ಲ ಉಪ್ಪಿನ ಬಿಳಿ ಗೆರೆ, ಒಂದರೊಳಗೊಂದು, ಕೆರೆ ಬತ್ತುತ್ತ ಹೋದ ಗುರುತಿನಂತೆ. ಸ್ನೇಹಿತರು ಗಾಳಿ ಬೀಸುತ್ತಿದ್ದರು. ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕೊಟ್ಟೆವು. ಮುಕ್ಕಾಲು ಗಂಟೆಯಲ್ಲಿ ಅವನ ಮಾತು ನೆಟ್ಟಗಾಯಿತು. ಅವನ ಬ್ಯಾಗಿನಲ್ಲಿ ಎರಡು ಲೀಟರಿನ ನೀರಿನ ಬಾಟಲಿ ಇತ್ತು, ಸೀಲು ಕೂಡ ಒಡೆದಿರಲಿಲ್ಲ, ಇಳಿದ ಮೇಲೆ ಕುಡಿಯಲೆಂದು ಇಟ್ಟಿದ್ದನಂತೆ. ಅಲ್ಲೇ ಒಡೆದು, ಇಳಿಯುವ ದಾರಿಯುದ್ದಕ್ಕೂ ಎಲ್ಲರೂ ಹಂಚಿಕೊಂಡು ಕುಡಿದೆವು.