ನಿಮಗಿದು ಗೊತ್ತೆ? ದಾರ ಮುಗಿದ ಲಾಳಿ

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತ ಬೈಬಲಿನ ಯೋಬ ತನ್ನ ದಿನಗಳನ್ನು ನೇಕಾರನ ಲಾಳಿಗೆ ಹೋಲಿಸುತ್ತಾನೆ. ಕೈಮಗ್ಗದ ಎದುರು ನಿಂತು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹಾಸಿನ ನಡುವೆ ಅತ್ತಿಂದಿತ್ತ ಓಡುವ ಲಾಳಿಯನ್ನು ಕಣ್ಣು ಹಿಂಬಾಲಿಸುವಷ್ಟರಲ್ಲಿ ಒಳಗಿನ ನೂಲೇ ತೀರಿರುತ್ತದೆ. ಆ ಸಾಲಿನಲ್ಲಿ ಇನ್ನೊಂದು ಗುಟ್ಟಿದೆ. ದಿನಗಳು ‘ತಿಕ್ವಾ’ ಇಲ್ಲದೆ ಮುಗಿದವು ಎನ್ನುತ್ತಾನೆ ಯೋಬ. ಹೀಬ್ರೂ ಭಾಷೆಯಲ್ಲಿ ತಿಕ್ವಾ ಎಂದರೆ ಭರವಸೆ. ದಾರ ಎಂಬ ಅರ್ಥವೂ ಅದಕ್ಕಿದೆ. ಒಂದೇ ಪದದಲ್ಲಿ ಎರಡೂ ಕಡಿದುಹೋಗುತ್ತವೆ. ಇಷ್ಟು ದುಃಖವನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹಿಡಿದಿಟ್ಟ ಕವಿ ನಿಜಕ್ಕೂ ದೊಡ್ಡವನು. ಅನುವಾದದಲ್ಲಿ ಮಾತ್ರ ಈ ಶ್ಲೇಷೆ ಕೈಜಾರುತ್ತದೆ.

ಬಾಳಿನ ಕ್ಷಣಿಕತೆಯನ್ನೇ ಹೇಳುವ ಬೈಬಲಿನ ‘ಪ್ರಸಂಗಿ’ ಗ್ರಂಥದಲ್ಲಿ ನಾವು ‘ವ್ಯರ್ಥ’ ಎಂದು ಓದುವ ಪದ ಮೂಲದಲ್ಲಿ ‘ಹೆವೆಲ್’. ಅಂದರೆ ಉಸಿರು, ಆವಿ. ಚಳಿಯ ಬೆಳಗ್ಗೆ ಬಾಯಿಂದ ಹೊರಟು ಅಲ್ಲೇ ಕರಗುವಂಥದ್ದು. ಆ ಗ್ರಂಥದಲ್ಲಿ ಅದು 38 ಸಲ ಬರುತ್ತದೆ. ಅಣ್ಣ ಕಾಯಿನನ ಕೈಯಲ್ಲಿ ಸತ್ತ ಹೇಬೆಲನ ಹೀಬ್ರೂ ಹೆಸರೂ ಇದೇ. ಬೈಬಲ್ ಹೇಳುವ ಮೊದಲ ಸಾವು ಅವನದು.

ಬೈಬಲಿನ 150 ಕೀರ್ತನೆಗಳಲ್ಲಿ ಮೋಶೆಯ ಹೆಸರಿನಲ್ಲಿರುವುದು 90ನೆಯದೊಂದೇ. ಮನುಷ್ಯನ ಆಯುಸ್ಸು 70, ಗಟ್ಟಿಯಾಗಿದ್ದರೆ 80 ಎಂಬ ಲೆಕ್ಕ ಅಲ್ಲಿಯದು.

ಬೂದಿ ಬುಧವಾರ ಕ್ಯಾಥೊಲಿಕ್ ಚರ್ಚುಗಳಲ್ಲಿ ಮನುಷ್ಯ ಮಣ್ಣೆಂದು ನೆನಪಿಸಿ ಹಣೆಗೆ ಬೂದಿ ಹಚ್ಚುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರ ಜನ ಸಂಭ್ರಮದಿಂದ ಕೈಯಲ್ಲಿ ಹಿಡಿದಿದ್ದ ಗರಿಗಳನ್ನೇ ಸುಟ್ಟು ಆ ಬೂದಿ ಮಾಡುವುದು ವಾಡಿಕೆ.