ಪಾಳುಮನೆಯ ಭಯ: ಪುಣೆಯ ಸುತ್ತಿನ ಭಯಾನಕ ಚಿತ್ರಗಳು

ಭರತಮುನಿಯ ನಾಟ್ಯಶಾಸ್ತ್ರವು ಭಯಾನಕ ರಸವನ್ನು ಹುಟ್ಟಿಸುವ ಕಾರಣಗಳನ್ನು, ಅಂದರೆ ವಿಭಾವಗಳನ್ನು ಹೇಳುವಾಗ, ವಿಕಾರವಾದ ಧ್ವನಿ ಮತ್ತು ನರಿ, ಗೂಬೆಗಳ ಕೂಗಿನ ಜೊತೆಗೆ ಶೂನ್ಯಾಗಾರವನ್ನೂ, ಎಂದರೆ ಜನವಿಲ್ಲದೆ ಬಿಕೋ ಎನ್ನುವ ಮನೆಯನ್ನೂ ಸೇರಿಸುತ್ತದೆ. ಭಾರತೀಯ ಪ್ರೇಕ್ಷಕರು ದಶಕದಿಂದ ದಶಕಕ್ಕೆ ಮರೆಯದೆ ಉಳಿಸಿಕೊಂಡ ಭಯಾನಕ ಚಿತ್ರಗಳನ್ನು ಸಾಲಾಗಿ ನೋಡಿದರೆ ಈ ಒಂದು ಮಾತು ಅವುಗಳಲ್ಲಿ ಬಹುಪಾಲಿಗೆ ಅನ್ವಯಿಸುವುದು ಕಾಣುತ್ತದೆ. ಅಲ್ಲಿ ಹೆದರಿಸುವುದು ದೆವ್ವಕ್ಕಿಂತ ಹೆಚ್ಚಾಗಿ ಮನೆ, ಮತ್ತು ಆ ಮನೆತನ ಮುಚ್ಚಿಟ್ಟ ಪಾಪ. ಇದನ್ನು ಅರಿಯಲು ಪುಣೆಗಿಂತ ತಕ್ಕ ಊರು ಸಿಗುವುದು ಕಷ್ಟ.

ಪುಣೆಯು ವಾಡೆಗಳ ಊರು. ನಡುವೆ ತೆರೆದ ಅಂಗಳ, ಸುತ್ತ ಮರದ ಕಂಬಗಳ ಪಡಸಾಲೆ, ಒಳಗೆ ಬೆಳಕು ಕಾಣದ ಕೋಣೆಗಳಿರುವ ದೊಡ್ಡ ಮನೆಗೆ ವಾಡೆ ಎಂಬ ಹೆಸರಿದ್ದು, ಉತ್ತರ ಕರ್ನಾಟಕದ ದೇಸಾಯರ ಮನೆಗಳನ್ನು ಕಂಡವರಿಗೆ ಆ ಮಾತೂ ಆ ಕಟ್ಟಡವೂ ಹೊಸದಲ್ಲ. ಊರಿನ ಅತ್ಯಂತ ಪ್ರಸಿದ್ಧ ಪ್ರೇತಕಥೆ ಪೇಶ್ವೆಗಳ ಶನಿವಾರ ವಾಡೆಗೆ ಸೇರಿದ್ದು. 1773ರ ಆಗಸ್ಟ್ 30ರಂದು ಹದಿಹರೆಯದ ಪೇಶ್ವೆ ನಾರಾಯಣರಾಯನನ್ನು ಗಾರ್ದಿ ಕಾವಲುಗಾರರು ಅಲ್ಲಿಯೇ ಕೊಂದರು; ಚಿಕ್ಕಪ್ಪ ರಘುನಾಥರಾಯನ ಪತ್ರದಲ್ಲಿ ಹಿಡಿಯಿರಿ ಎಂದಿದ್ದ ಮಾತನ್ನು ಕೊಲ್ಲಿರಿ ಎಂದು ತಿದ್ದಲಾಯಿತು ಎಂಬುದು, ಹುಣ್ಣಿಮೆಯ ರಾತ್ರಿ ಕಾಕಾ, ನನ್ನನ್ನು ಕಾಪಾಡು ಎಂಬ ಕೂಗು ಕೇಳುತ್ತದೆ ಎಂಬುದು ಜನರ ನಂಬಿಕೆ. ಅಧಿಕಾರ, ದಾಯಾದಿತನ, ಗೋಡೆಗಳ ಒಳಗೆ ಉಳಿದುಹೋದ ಕೂಗು, ಹೀಗೆ ಭಯಾನಕ ಚಿತ್ರಕ್ಕೆ ಬೇಕಾದುದೆಲ್ಲ ಸಿನಿಮಾ ಹುಟ್ಟುವ ಮೊದಲೇ ಇಲ್ಲಿ ಸಿದ್ಧವಾಗಿತ್ತು.

ಹಿಂದಿ ಚಿತ್ರರಂಗದಲ್ಲಿ ಈ ಪರಂಪರೆಯ ಮೊದಲ ದೊಡ್ಡ ಹೆಸರು ಕಮಾಲ್ ಅಮ್ರೋಹಿ ನಿರ್ದೇಶಿಸಿದ ಬಾಂಬೆ ಟಾಕೀಸ್ ಸಂಸ್ಥೆಯ 1949ರ ಮಹಲ್. ಜರ್ಮನಿಯಿಂದ ಬಂದ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ನೆರಳು ಬೆಳಕುಗಳಿಂದ ಕಟ್ಟಿದ ಆ ಬಂಗಲೆಯಲ್ಲಿ ಕೊನೆಗೆ ದೆವ್ವವೇ ಇಲ್ಲವೆಂದು ತಿಳಿದರೂ ನೋಡಿದವರ ಮನಸ್ಸಿನಿಂದ ಬಂಗಲೆ ಹೋಗುವುದಿಲ್ಲ. ಮಹಲ್ ಚಿತ್ರವನ್ನು ಸಂಕಲಿಸಿದ ಬಿಮಲ್ ರಾಯ್ 1958ರಲ್ಲಿ ಪುನರ್ಜನ್ಮದ ಕಥೆಯ ಮಧುಮತಿಯನ್ನು ನಿರ್ದೇಶಿಸಿದರು. ಅದರ ಕಥೆ ಬರೆದ ಋತ್ವಿಕ್ ಘಟಕ್ ಮುಂದೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕರಾದರು. ಈ ಚಿತ್ರಗಳಲ್ಲಿ ಭಯವು ಶೃಂಗಾರದ ಕೈಹಿಡಿದು ಬರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ರಾಮ್ಸೆ ಸಹೋದರರು ಆ ಕೈಯನ್ನು ಬಿಡಿಸಿ ಭಯವನ್ನು ಬೀಭತ್ಸಕ್ಕೆ, ಅಂದರೆ ಹೇಸಿಗೆ ಹುಟ್ಟಿಸುವ ರಸಕ್ಕೆ, ಜೋಡಿಸಿದರು. ತಂದೆ ಎಫ್. ಯು. ರಾಮ್ಸೆ ನಿರ್ಮಿಸಿದ 1970ರ ಸೋತ ಚಿತ್ರವೊಂದರಲ್ಲಿ ಪೃಥ್ವಿರಾಜ್ ಕಪೂರ್ ಮುಖವಾಡ ತೊಟ್ಟು ಕಳವು ಮಾಡುವ ದೃಶ್ಯಕ್ಕೆ ಮಾತ್ರ ಜನ ಮತ್ತೆ ಮತ್ತೆ ಬರುತ್ತಿದ್ದುದನ್ನು ಮಕ್ಕಳು ಗಮನಿಸಿದ್ದರು. ಏಳು ಅಣ್ಣತಮ್ಮಂದಿರು ಚಿತ್ರಕಥೆ, ಧ್ವನಿ, ಛಾಯಾಗ್ರಹಣ, ಸಂಕಲನ, ನಿರ್ದೇಶನಗಳನ್ನು ತಮ್ಮೊಳಗೇ ಹಂಚಿಕೊಂಡು, ಪುಣೆಯಿಂದ ಸುಮಾರು 120 ಕಿಲೋಮೀಟರ್ ದೂರದ ಮಹಾಬಳೇಶ್ವರಕ್ಕೆ ಸಣ್ಣ ತಂಡ ಕಟ್ಟಿಕೊಂಡು ಹೋಗಿ, 1972ರ ದೋ ಗಜ್ ಜಮೀನ್ ಕೆ ನೀಚೆ ಚಿತ್ರವನ್ನು ಅತಿ ಕಡಿಮೆ ಖರ್ಚಿನಲ್ಲಿ ಮುಗಿಸಿದರು. ಅವರ 1984ರ ಪುರಾನಾ ಮಂದಿರ್‌ನಲ್ಲಿ ಸಾಮ್ರಿ ಎಂಬ ರಾಕ್ಷಸನ ಶಾಪದಿಂದ ಒಂದು ಮನೆತನದ ಹೆಣ್ಣುಮಕ್ಕಳು ಹೆರಿಗೆಯಲ್ಲೇ ಸಾಯುತ್ತಾರೆ. ಈ ಚಿತ್ರಗಳನ್ನು ಕೀಳೆಂದು ತಳ್ಳಿಹಾಕಿದ ವಿಮರ್ಶೆ ಅವಸರದ್ದಾಗಿತ್ತು. ಮನೆತನದ ಪಾಪ ಮುಂದಿನ ತಲೆಮಾರಿಗೆ ಇಳಿದುಬರುತ್ತದೆ ಎಂಬ ಹಳೆಯ ಅಂಜಿಕೆಯನ್ನು ಅವು ಬಲ್ಲವಾಗಿದ್ದವು.

ಕನ್ನಡದಲ್ಲಿ ಅಭಿಮಾನಿಗಳು ಇಂದಿಗೂ ಮೊದಲು ಹೆಸರಿಸುವುದು ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ 1979ರ ನಾ ನಿನ್ನ ಬಿಡಲಾರೆಯನ್ನು. ಅದು 1981ರಲ್ಲಿ ಮಂಗಳಸೂತ್ರ ಎಂಬ ಹೆಸರಿನಲ್ಲಿ ಹಿಂದಿಗೂ ಹೋಯಿತು. ಅನಂತರದ ಸ್ಥಾನ 2004ರ ಆಪ್ತಮಿತ್ರಕ್ಕೆ. ಮಲಯಾಳದ ಮಣಿಚಿತ್ರತ್ತಾಳ್ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಬೀಗ ಹಾಕಿದ ಒಂದು ಕೋಣೆಯೇ ಕಥೆಯ ಹೃದಯವಾಗಿದ್ದು, ನಾಗವಲ್ಲಿಯಾಗಿ ಕಾಣಿಸಿಕೊಂಡ ಸೌಂದರ್ಯ ಚಿತ್ರ ತೆರೆಗೆ ಬರುವ ಮೊದಲೇ ತೀರಿಕೊಂಡದ್ದು ಅದಕ್ಕೆ ಬೇರೊಂದು ನೋವಿನ ಛಾಯೆಯನ್ನು ಕೊಟ್ಟಿತು. ಮರಾಠಿಯಲ್ಲಿ ಮಹೇಶ್ ಕೋಠಾರೆ ಅವರ 1993ರ ಝಪಾಟಲೇಲಾ ಮನೆಯನ್ನು ಬಿಟ್ಟು ಬೊಂಬೆಯೊಳಗೆ ಪ್ರೇತವನ್ನು ಕೂರಿಸಿತು, ಮತ್ತು ಬೊಂಬೆಯಾಟಗಾರ ರಾಮದಾಸ್ ಪಾಧ್ಯೆ ಅವರ ಕೈಚಳಕದ ಆ ಬೊಂಬೆ, ತಾತ್ಯಾ ವಿಂಚೂ, ಮಹಾರಾಷ್ಟ್ರದ ಮಕ್ಕಳ ಒಂದು ತಲೆಮಾರನ್ನೇ ನಗಿಸುತ್ತ ಹೆದರಿಸಿತು.

ಆದರೆ ಇವೆಲ್ಲವುಗಳ ತುದಿಯಲ್ಲಿ ನಿಲ್ಲುವುದು ಹಿಂದಿಯ ತುಂಬಾಡ್. ಅದರ ಬೇರುಗಳಲ್ಲಿ ಒಂದು ನಾರಾಯಣ ಧಾರಪ ಅವರ ಭಯಕಥೆ. 1925ರಲ್ಲಿ ಹುಟ್ಟಿ 2008ರಲ್ಲಿ ತೀರಿಕೊಂಡ, ಪುಣೆಯಲ್ಲಿ ನೆಲೆಸಿದ್ದ ಧಾರಪರು ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದು, ಮರಾಠಿ ಮಧ್ಯಮವರ್ಗದ ಸಾಧಾರಣ ಮನೆಯ ಅಟ್ಟಕ್ಕೂ ನಡುಮನೆಗೂ ಅಮಾನುಷ ಶಕ್ತಿಗಳನ್ನು ತಂದವರು. ಅಂತಹ ಒಂದು ಕಥೆಯ ಪ್ರೇರಣೆಯಿಂದ ಚಿತ್ರದ ನಿರ್ದೇಶಕ ರಾಹಿ ಅನಿಲ್ ಬರ್ವೆ ಹದಿನೆಂಟರ ವಯಸ್ಸಿನಲ್ಲೇ, 1997ರಲ್ಲಿ, ಮೊದಲ ಕರಡು ಬರೆದರು. ಚಿತ್ರೀಕರಣ 2012ರಲ್ಲಿ ಆರಂಭವಾಗಿ, ಸಮಾಧಾನವಾಗದೆ ಬಹುಭಾಗವನ್ನು ಮತ್ತೆ ಚಿತ್ರಿಸಿ, ಹಲವು ಮಳೆಗಾಲಗಳನ್ನು ದಾಟಿ ಚಿತ್ರವು 2018ರ ಅಕ್ಟೋಬರ್ 12ರಂದು ತೆರೆಕಂಡಿತು. ವಾಡೆಯ ದೃಶ್ಯಗಳಿಗೆ ಪುಣೆಯ ಸಮೀಪದ ಸಾಸವಡದ ಹಳೆಯ ವಾಡೆ ನೆಲೆಯಾಯಿತು. ಕಥೆಯು 1918, 1933 ಮತ್ತು 1947ರ ಮೂರು ಕಾಲಗಳಲ್ಲಿ ಸಾಗುತ್ತದೆ: ಕೊಂಕಣದ ತುಂಬಾಡಿನಿಂದ ತಾಯಿಯೊಡನೆ ಪುಣೆಗೆ ಬಂದ ಹುಡುಗ ವಿನಾಯಕ ದೊಡ್ಡವನಾದ ಮೇಲೆ, ಹಸಿದ ಹಸ್ತರ್ ಎಂಬ ದೇವತಾಪುತ್ರನಿಗೆ ಹಿಟ್ಟಿನ ಬೊಂಬೆಯ ಆಮಿಷ ತೋರಿಸಿ ಅವನ ಸೊಂಟದ ಚಿನ್ನದ ನಾಣ್ಯಗಳನ್ನು ಕದಿಯಲು ಮತ್ತೆ ಮತ್ತೆ ಆ ವಾಡೆಗೆ ಇಳಿಯುತ್ತಾನೆ, ಪುಣೆಗೆ ಮರಳಿ ಆ ಹಣದಲ್ಲಿ ಮೆರೆಯುತ್ತಾನೆ, ಕೊನೆಗೆ ಆ ವಿದ್ಯೆಯನ್ನೇ ಮಗನಿಗೆ ಆಸ್ತಿಯಂತೆ ದಾಟಿಸುತ್ತಾನೆ. ನೆಲದಡಿಯ ರಾಕ್ಷಸನಿಗಿಂತ ಆ ತಂದೆ ಮಗನಿಗೆ ಕೊಡುವ ತರಬೇತಿ ಹೆಚ್ಚು ಹೆದರಿಸುತ್ತದೆ, ಮತ್ತು ಈ ಒಂದು ಕಾರಣಕ್ಕೆ ಭಾರತದ ಭಯಾನಕ ಚಿತ್ರಗಳಲ್ಲಿ ಇದನ್ನು ಅತ್ಯುತ್ತಮವೆಂದು ಕರೆಯಬೇಕಾಗುತ್ತದೆ.

ಮೊದಲ ಬಿಡುಗಡೆಯಲ್ಲಿ ಚಿತ್ರಮಂದಿರಗಳು ತುಂಬಲಿಲ್ಲ. ಮನೆಯ ಪರದೆಗಳ ಮೇಲೆ ನೋಡಿದವರು ಬಾಯಿಂದ ಬಾಯಿಗೆ ಹೇಳುತ್ತ ಆರು ವರ್ಷ ಅದನ್ನು ಬದುಕಿಸಿದರು. 2024ರ ಸೆಪ್ಟೆಂಬರ್ 13ರಂದು ಅದು ಮರುಬಿಡುಗಡೆಯಾದಾಗ, ಅಂದರೆ ಹಳೆಯ ಚಿತ್ರವನ್ನೇ ಮತ್ತೆ ಚಿತ್ರಮಂದಿರಗಳಿಗೆ ತಂದಾಗ, ಗಳಿಕೆ ಮೊದಲ ಬಾರಿಯ ದುಪ್ಪಟ್ಟನ್ನೂ ಮೀರಿತು. ಮರಾಠಿ ಬಲ್ಲ ಪುಣೆಯ ಕನ್ನಡಿಗರು ಚಿತ್ರದ ಜೊತೆಗೆ ಧಾರಪರನ್ನೂ ಮೂಲದಲ್ಲಿ ಓದಬೇಕು, ಸಾಧ್ಯವಾದವರು ಆ ಕಥೆಗಳನ್ನು ಕನ್ನಡದ ಓದುಗರಿಗೂ ತಲುಪಿಸಬೇಕು.