ಇರುಳಿಡೀ ಆಟ, ಹದಿನಾರು ಮೈಕು, ಒಂದು ಡಿಸ್ಕು

ದರೋಜಿ ಈರಮ್ಮನವರ ನೆನಪಿನಲ್ಲಿ 12 ಜನಪದ ಕಾವ್ಯಗಳಿದ್ದವು. ಎಲ್ಲ ಸೇರಿ ಸುಮಾರು 2 ಲಕ್ಷ ಪದ ಎಂಬ ಲೆಕ್ಕವಿದೆ. ನಿಮಿಷಕ್ಕೆ 60 ಪದದಂತೆ ಹಾಡಿದರೂ 55 ಗಂಟೆ ದಾಟುವಷ್ಟು ಸರಕು ಅದು. ಬುಡ್ಗ ಜಂಗಮ ಸಮುದಾಯದ ಈರಮ್ಮ ಎಳವೆಯಲ್ಲೇ ತಂದೆಯಿಂದ ಬುರ್ರಕಥೆ ಕಲಿತರು. ತಂಗಿ ಮತ್ತು ನಾದಿನಿಯನ್ನು ಜೊತೆಗೆ ಕಟ್ಟಿಕೊಂಡು ಊರೂರು ತಿರುಗಿ ಹಾಡಿದರು. 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ನೀಡಿತು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲು ಮಾರ್ಗದಲ್ಲಿ ಗಾದಿಗನೂರು, ಈರಮ್ಮನವರ ದರೋಜಿ ಎರಡೂ ನಿಲ್ದಾಣಗಳು. ಈ ಸೀಮೆಯ ಕಲೆಗಳಿಗೆ ಒಂದು ಸಮಾನ ಗುಣವಿದೆ: ಅವು ಬೇಗ ಮುಗಿಯುವುದಿಲ್ಲ. ಕಂಪ್ಲಿಯ ಅರಸನ ಮಗ ಕುಮಾರರಾಮನ ಕಥೆ ಒಂದು ರಾತ್ರಿಗೆ ತೀರುವಂಥದ್ದಲ್ಲ. ದೊಡ್ಡಾಟಕ್ಕೆ ರಾತ್ರಿ ಊಟ ಮುಗಿಸಿ ಕೂತರೆ ಏಳುವುದು ಬೆಳಗಿನ ಜಾವಕ್ಕೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಪರಂಪರೆಯ ಯಲ್ಲಮ್ಮನ ಕಥನಗೀತೆಗಳೂ ಚೌಡಿಕೆಯ ನಾದದಲ್ಲಿ ತಾಸುಗಟ್ಟಲೆ ಹರಿಯುತ್ತವೆ. ಧ್ವನಿಮುದ್ರಣ ಯಂತ್ರಗಳನ್ನು ರೂಪಿಸಿದವರ ಮುಂದೆ ಇದ್ದದ್ದು ಮೂರು ನಿಮಿಷದ ಹಾಡು, ಹೆಚ್ಚೆಂದರೆ ಒಂದೆರಡು ಗಂಟೆಯ ಕಛೇರಿ. ಹಾಗಾಗಿ ಇಲ್ಲಿನ ಕಲೆಗೂ ಆ ಯಂತ್ರಗಳಿಗೂ ಮೊದಲಿನಿಂದಲೂ ಅಳತೆ ಹೊಂದಿಲ್ಲ. 1,200 ಅಡಿಯ ಸ್ಪೂಲ್ ಟೇಪು ಸೆಕೆಂಡಿಗೆ ಏಳೂವರೆ ಅಂಗುಲ ಓಡಿದರೆ 32 ನಿಮಿಷದಲ್ಲಿ ಖಾಲಿ. ಸಿ-90 ಕ್ಯಾಸೆಟ್ಟನ್ನು 45 ನಿಮಿಷಕ್ಕೊಮ್ಮೆ ಮಗುಚಿ ಹಾಕಬೇಕಿತ್ತು, ಆ ಹೊತ್ತಿನಲ್ಲಿ ಹಾಡಿದ ಸಾಲು ಕೈತಪ್ಪಿತೆಂದೇ ಲೆಕ್ಕ. 1990ರ ದಶಕದ ಆರಂಭದಲ್ಲಿ ಅಲೆಸಿಸ್ ಕಂಪನಿಯ ಅಡಾಟ್ ಯಂತ್ರ ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಚಾನೆಲ್‌ಗಳನ್ನು ಬೇರೆಬೇರೆಯಾಗಿ ಹಿಡಿದು ಸ್ಟುಡಿಯೋಗಳ ರೀತಿಯನ್ನೇ ಬದಲಿಸಿತು. ಅದರ ಟೇಪಿನ ಅವಧಿಯೂ ಸುಮಾರು 40 ನಿಮಿಷ ಅಷ್ಟೆ.

ಚಾನೆಲ್‌ಗಳು ಬೇರೆಬೇರೆ ಯಾಕಿರಬೇಕು? ಬುರ್ರಕಥೆಯನ್ನೇ ನೋಡಿ. ನಡುವೆ ತಂಬೂರಿ ಹಿಡಿದ ಮುಖ್ಯ ಗಾಯಕಿ, ಎಡಬಲದಲ್ಲಿ ಚರ್ಮವಾದ್ಯ ನುಡಿಸುತ್ತ ಸೊಲ್ಲು ಸೇರಿಸುವ ಇಬ್ಬರು. ಮೂವರ ಮುಂದೆ ಒಂದೇ ಮೈಕು ಇಟ್ಟರೆ ವಾದ್ಯದ ಪೆಟ್ಟು ಮಾತಿನ ಮೇಲೆ ಬೀಳುತ್ತದೆ. ಮುಂದೆ ಪಠ್ಯ ಬರೆದುಕೊಳ್ಳುವವರಿಗೆ ಕಾವ್ಯದ ಅರ್ಧ ಪದ ಕೇಳಿಸುವುದಿಲ್ಲ. ಒಬ್ಬೊಬ್ಬರ ದನಿಗೂ ಒಂದೊಂದು ಟ್ರ್ಯಾಕ್ ಇದ್ದರೆ ವಾದ್ಯವನ್ನು ತಗ್ಗಿಸಿ ಮಾತನ್ನು ಆಲಿಸಬಹುದು, ಮಾತನ್ನು ತಗ್ಗಿಸಿ ತಾಳ ಕಲಿಯಬಹುದು. ಜನಪದ ಸಂಗ್ರಹದ ಕೆಲಸಕ್ಕೆ ಬಹುಚಾನೆಲ್ ಮುದ್ರಣ ಸಿನಿಮಾ ಹಾಡಿಗಿಂತ ಹೆಚ್ಚು ಅಗತ್ಯ. ಸಿನಿಮಾ ಹಾಡನ್ನು ಮತ್ತೆ ಹಾಡಿಸಬಹುದು.

ಈಗ ಒಂದು ಲೆಕ್ಕ ಹಾಕೋಣ. ಗಾದಿಗನೂರಿನ ಜಾತ್ರೆಯಲ್ಲಿ ರಾತ್ರಿ 10ಕ್ಕೆ ಆರಂಭವಾಗಿ ಬೆಳಿಗ್ಗೆ 6ಕ್ಕೆ ಮುಗಿಯುವ ದೊಡ್ಡಾಟವನ್ನು ಪೂರ್ತಿ ಮುದ್ರಿಸಬೇಕು ಎಂದಿಟ್ಟುಕೊಳ್ಳಿ. ಭಾಗವತರು, ಹಿಮ್ಮೇಳದವರು, ಹಾರ್ಮೋನಿಯಂ, ಮದ್ದಳೆಯ ಎರಡು ಬದಿ, ಮುಖವೀಣೆ, ತಾಳ, ರಂಗದ ಮೇಲೆ ತೂಗುಬಿಟ್ಟ ಮೈಕುಗಳು, ಪಾತ್ರಗಳನ್ನು ಮಾತಾಡಿಸುವ ಸಾರಥಿಗೊಂದು, ಕೂತ ಜನರ ಕಡೆಗೆ ಮುಖಮಾಡಿದ ಎರಡು. ಹೀಗೆ 16 ಚಾನೆಲ್ ಆಯಿತು. ಸೆಕೆಂಡಿಗೆ 48,000 ಮಾದರಿ, ಒಂದೊಂದು ಮಾದರಿಗೆ 24 ಬಿಟ್ ಎಂದರೆ ಒಂದು ಚಾನೆಲ್ಲಿಗೆ ಸೆಕೆಂಡಿಗೆ 1,44,000 ಬೈಟ್. ಹದಿನಾರಕ್ಕೆ ಸುಮಾರು 2.3 ಮೆಗಾಬೈಟ್. ಎಂಟು ಗಂಟೆಗೆ 66 ಗಿಗಾಬೈಟ್.

ಸಾಧಾರಣ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟ್ ಬರೆಯಬಲ್ಲದು. ಎರಡು ಚಿಲ್ಲರೆ ಮೆಗಾಬೈಟ್ ಅದಕ್ಕೆ ಹೊರೆಯೇ ಅಲ್ಲ. ಆದರೂ ಹದಿನಾರು ಟ್ರ್ಯಾಕ್ ಮುದ್ರಿಸುವಾಗ ನಡುವೆ ಚಟ್ ಎಂದು ದನಿ ಕಡಿಯುವುದು, ಡಿಸ್ಕ್ ಸಾಲುತ್ತಿಲ್ಲ ಎಂದು ತಂತ್ರಾಂಶ ಕೈಚೆಲ್ಲುವುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಕಾಟ. ಕಾರಣ ಡಿಸ್ಕಿನ ವೇಗದಲ್ಲಿಲ್ಲ, ಅದರ ಓಡಾಟದಲ್ಲಿದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬರೆಯುವ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು, ಸರಿಯಾದ ಜಾಗ ತಿರುಗಿ ಬರುವವರೆಗೆ ಕಾಯಲು ಸರಾಸರಿ 12 ಮಿಲಿಸೆಕೆಂಡ್ ಹಿಡಿಯುತ್ತದೆ. ಹದಿನಾರು ಟ್ರ್ಯಾಕ್ ಎಂದರೆ ಹದಿನಾರು ಫೈಲು, ಹದಿನಾರು ಜಾಗ. ತಂತ್ರಾಂಶ ಪ್ರತಿ ಟ್ರ್ಯಾಕಿಗೂ 4 ಕಿಲೋಬೈಟಿನ ಚೂರುಗಳನ್ನೇ ಬರೆಯುತ್ತ ಹೋದರೆ ಒಂದು ಚೂರಿನಲ್ಲಿ ಹಿಡಿಯುವುದು 28 ಮಿಲಿಸೆಕೆಂಡಿನ ದನಿ ಮಾತ್ರ. ಅಷ್ಟನ್ನು ಹದಿನಾರೂ ಕಡೆ ಬರೆದು ಮುಗಿಸಲು ಓಡಾಟಕ್ಕೇ 190 ಮಿಲಿಸೆಕೆಂಡ್ ಬೇಕು. ಭಾಗವತರು ಅಷ್ಟು ಹೊತ್ತು ಕಾಯುವುದಿಲ್ಲ. ಅದೇ ಚೂರನ್ನು 256 ಕಿಲೋಬೈಟಿಗೆ ಹಿಗ್ಗಿಸಿದರೆ ಒಂದರಲ್ಲಿ 1.8 ಸೆಕೆಂಡಿನ ದನಿ ಹಿಡಿಯುತ್ತದೆ, ಹದಿನಾರನ್ನೂ ಬರೆಯಲು ಕಾಲು ಸೆಕೆಂಡ್ ಸಾಕು. ಡಿಸ್ಕ್ ಅದೇ, ಕಂಪ್ಯೂಟರ್ ಅದೇ. ಬರೆಯುವ ಕ್ರಮ ಬದಲಾಯಿತು, ಅಸಾಧ್ಯವಾದದ್ದು ಸಲೀಸಾಯಿತು. ಆಪರೇಟಿಂಗ್ ಸಿಸ್ಟಂ ಕೂಡ ಚೂರುಗಳನ್ನು ಒಟ್ಟುಗೂಡಿಸಿ ಸ್ವಲ್ಪ ನೆರವಾಗುತ್ತದೆ, ಆದರೆ ಇಡೀ ರಾತ್ರಿಯ ಮುದ್ರಣವನ್ನು ಅದರ ಹೆಗಲಿಗೆ ಬಿಡುವಂತಿಲ್ಲ.

ದೊಡ್ಡ ಚೂರು ಬರೆಯಬೇಕಾದರೆ ಅಲ್ಲಿಯವರೆಗೆ ದನಿಯನ್ನು ಎಲ್ಲಾದರೂ ತುಂಬಿಡಬೇಕು. ಹೊಸಪೇಟೆಯಲ್ಲಿ ಪಾಳಿಯ ಮೇಲೆ ನೀರು ಬರುವ ಬೀದಿಗಳಲ್ಲಿ ಮನೆ ಮೇಲಿನ ತೊಟ್ಟಿ ಮಾಡುವ ಕೆಲಸವನ್ನೇ ಇಲ್ಲಿ ಬಫರ್ ಮಾಡುತ್ತದೆ: ಬರುವ ಹೊತ್ತು ಬೇರೆ, ಬೇಕಾಗುವ ಹೊತ್ತು ಬೇರೆ, ನಡುವೆ ಒಂದು ಶೇಖರಣೆ. ತಂತ್ರಾಂಶದೊಳಗೆ ಇದಕ್ಕೆ ಇಬ್ಬರು ಕೆಲಸಗಾರರಿದ್ದಾರೆ ಎನ್ನಬಹುದು. ಒಬ್ಬರು ಸೌಂಡ್ ಕಾರ್ಡಿನಿಂದ ದನಿ ತಂದು ಮೆಮೊರಿಗೆ ಸುರಿಯುವವರು. ಒಮ್ಮೆಗೆ 256 ಮಾದರಿ ಬರುವಂತಿದ್ದರೆ ಅವರಿಗೆ ಸಿಗುವುದು 5.3 ಮಿಲಿಸೆಕೆಂಡ್, ಒಂದು ಕ್ಷಣವೂ ನಿಲ್ಲುವಂತಿಲ್ಲ. ಇನ್ನೊಬ್ಬರು ಮೆಮೊರಿಯಿಂದ ತೆಗೆದು ಡಿಸ್ಕಿಗೆ ಬರೆಯುವವರು. ಡಿಸ್ಕ್ ತಡಮಾಡಿದರೆ ಅವರು ಕಾಯಬಹುದು. ಮೊದಲನೆಯವರು ಎರಡನೆಯವರಿಗಾಗಿ ಯಾವತ್ತೂ ಕಾಯಬಾರದು ಎಂಬುದೇ ಈ ವಿದ್ಯೆಯ ಮೂಲ ನಿಯಮ. ಐದು ಸೆಕೆಂಡಿನ ದನಿಯನ್ನು ಹದಿನಾರು ಚಾನೆಲ್ಲಿಗೂ ಹಿಡಿದಿಡಲು ಸುಮಾರು 12 ಮೆಗಾಬೈಟ್ ಮೆಮೊರಿ ಸಾಕು. ಇವತ್ತು ಅದು ಗಣನೆಗೇ ಬಾರದ ಮೊತ್ತ. 1990ರ ದಶಕದ ಮಧ್ಯದಲ್ಲಿ ಎಷ್ಟೋ ಕಂಪ್ಯೂಟರುಗಳ ಪೂರ್ತಿ ಮೆಮೊರಿಯೇ ಅಷ್ಟಿತ್ತು.

ಇದೇ ಉಪಾಯ ಮರುದಿಕ್ಕಿನಲ್ಲೂ ನಡೆಯುತ್ತದೆ. 1998ರಲ್ಲಿ ಬಂದ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶ ಪಿಯಾನೋದ ಪ್ರತಿ ಸ್ವರದ ಮೊದಲ ತುಣುಕನ್ನಷ್ಟೆ ಮೆಮೊರಿಯಲ್ಲಿ ಇಟ್ಟುಕೊಂಡಿತು. ಕೀ ಒತ್ತಿದೊಡನೆ ಆ ತುಣುಕು ನುಡಿಯುತ್ತದೆ, ಅದು ಮುಗಿಯುವಷ್ಟರಲ್ಲಿ ಉಳಿದದ್ದು ಡಿಸ್ಕಿನಿಂದ ಬಂದು ಸೇರಿಕೊಳ್ಳುತ್ತದೆ. ಮೆಮೊರಿಗಿಂತ ಎಷ್ಟೋ ಪಟ್ಟು ದೊಡ್ಡದಾದ ವಾದ್ಯವನ್ನು ಮನೆಯ ಕಂಪ್ಯೂಟರಿನಲ್ಲಿ ನುಡಿಸಲು ಸಾಧ್ಯವಾದದ್ದು ಹೀಗೆ.

ಎಸ್‌ಎಸ್‌ಡಿ ಬಂದ ಮೇಲೆ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಹುಡುಕಾಟದ ಸಮಯ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕೆಳಗಿಳಿದಿದೆ. ಹಾಗೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಅಗ್ಗದ ಮೆಮೊರಿ ಕಾರ್ಡುಗಳು ನಡುನಡುವೆ ತಮ್ಮ ಒಳಗಿನ ಜಾಗ ಹೊಂದಿಸಿಕೊಳ್ಳಲು ನಿಂತುಬಿಡುತ್ತವೆ. ಆ ನಿಲುಗಡೆಯನ್ನು ದಾಟಿಸುವುದು ಮತ್ತೆ ಬಫರೇ. ಕಾರ್ಡಿನ ಮೇಲೆ ವಿ30 ಎಂಬ ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆಂಬ ಭರವಸೆ. ಮುದ್ರಣಕ್ಕೆ ಕಾರ್ಡು ಕೊಳ್ಳುವವರು ನೋಡಬೇಕಾದ್ದು ಆ ಗುರುತನ್ನು.

ದೊಡ್ಡಾಟಕ್ಕೆ ಇನ್ನೊಂದು ಗಂಡಾಂತರವಿದೆ. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ರೂಪಿಸಿದ ವೇವ್ ಎಂಬ ದನಿಯ ಫೈಲು ತನ್ನ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಜಾಗದಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಹದಿನಾರು ಚಾನೆಲ್ಲನ್ನೂ ಒಂದೇ ಫೈಲಿಗೆ ಹೆಣೆದು ಬರೆದರೆ 31 ನಿಮಿಷಕ್ಕೆ ಮಿತಿ ಮುಟ್ಟುತ್ತದೆ, ಅಂದರೆ ಗಣಪತಿ ಸ್ತುತಿ, ಸಾರಥಿಯ ಮಾತು ಮುಗಿಯುವ ಹೊತ್ತಿಗೆ. ಒಂದೊಂದು ಚಾನೆಲ್ಲಿಗೆ ಒಂದೊಂದು ಫೈಲು ಮಾಡಿದರೆ 8 ಗಂಟೆ 17 ನಿಮಿಷ ಬರುತ್ತದೆ. ರಾತ್ರಿ ಹತ್ತರ ಆಟ ಕೂದಲೆಳೆಯಲ್ಲಿ ಪಾರು. ಆದರೆ ಹಲವು ತಂತ್ರಾಂಶಗಳು ತಾವಾಗಿಯೇ ಆರಿಸಿಕೊಳ್ಳುವ 32 ಬಿಟ್ ಫ್ಲೋಟ್ ಎಂಬ ಬಗೆಯಲ್ಲಿ ಮುದ್ರಿಸಿದರೆ 6 ಗಂಟೆ 13 ನಿಮಿಷಕ್ಕೇ ಮಿತಿ ಬಂತು. ಬೆಳಗಿನ ಜಾವ ನಾಲ್ಕೂಕಾಲರ ಸುಮಾರಿಗೆ, ಯುದ್ಧದ ಸನ್ನಿವೇಶ ಏರುತ್ತಿರುವಾಗ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ರೂಪಿಸಿದ ಆರ್‌ಎಫ್64 ಎಂಬ ಹೊಸ ಬಗೆಯ ಫೈಲು ಈ ಮಿತಿಯನ್ನು ದಾಟುತ್ತದೆ. ಮಿತಿ ಸಮೀಪಿಸಿದೊಡನೆ ಒಂದು ಮಾದರಿಯೂ ಕಳೆಯದಂತೆ ಮುಂದಿನ ಫೈಲಿಗೆ ಜಿಗಿಯುವ ತಂತ್ರಾಂಶಗಳೂ ಇವೆ. ಆಟ ಶುರುವಾಗುವ ಮೊದಲು ಈ ಎರಡರಲ್ಲಿ ಯಾವುದು ಚಾಲೂ ಇದೆ ಎಂದು ನೋಡಿಕೊಳ್ಳುವುದು ಮೈಕು ಕಟ್ಟುವಷ್ಟೇ ಮುಖ್ಯ.

ಜೊತೆಗೆ ಕರೆಂಟು. ವೇವ್ ಫೈಲಿನ ಗಾತ್ರ ದಾಖಲಾಗುವುದು ಅದರ ತಲೆಭಾಗದಲ್ಲಿ, ಸಾಮಾನ್ಯವಾಗಿ ಮುದ್ರಣ ಮುಗಿದ ಮೇಲೆ. ನಡುರಾತ್ರಿ ಜನರೇಟರ್ ನಿಂತು ಕಂಪ್ಯೂಟರ್ ಆರಿದರೆ ಡಿಸ್ಕಿನಲ್ಲಿ ಐದು ಗಂಟೆಯ ದನಿ ಇದ್ದರೂ ಫೈಲು ತನ್ನ ಉದ್ದ ಸೊನ್ನೆ ಎನ್ನಬಹುದು. ಆಗಾಗ ತಲೆಭಾಗವನ್ನು ತಿದ್ದಿ ಬರೆಯುತ್ತ ಹೋಗುವ ತಂತ್ರಾಂಶವಾದರೆ ಕಳೆಯುವುದು ಕೊನೆಯ ಕೆಲವೇ ಸೆಕೆಂಡು. ಈ ಸೀಮೆಯಲ್ಲಿ ಮುದ್ರಣ ಮಾಡುವವರು ಬೇರೆ ಯಾವ ಸೌಲಭ್ಯಕ್ಕಿಂತ ಮೊದಲು ಕೇಳಬೇಕಾದದ್ದು ಇದು.

ಇನ್ನು ಈ ತಂತ್ರಾಂಶಗಳ ಪರದೆಯ ಮೇಲಿನ ಸುಧಾರಣೆಗಳನ್ನು ಬರೀ ಅಲಂಕಾರ ಎಂದು ತಳ್ಳಿಹಾಕುವುದು ತಪ್ಪು. ದನಿಯ ಅಲೆಯ ಚಿತ್ರವನ್ನೇ ತೆಗೆದುಕೊಳ್ಳಿ. ಒಂದು ಗಂಟೆಯ ಒಂದು ಚಾನೆಲ್ಲಿನಲ್ಲಿ 17 ಕೋಟಿ 28 ಲಕ್ಷ ಮಾದರಿಗಳಿರುತ್ತವೆ. ಪರದೆಯ ಅಗಲ 1,920 ಚುಕ್ಕೆ. ಚಿತ್ರ ಬರೆಯಲು ಪ್ರತಿ ಸಲ ಪೂರ್ತಿ ಫೈಲನ್ನು ಓದಿದರೆ, ದನಿ ಬರೆಯುತ್ತಿರುವ ಡಿಸ್ಕಿನ ಮೇಲೇ ಆ ಹೊರೆ ಬೀಳುತ್ತದೆ. ನೋಡಲು ಹೋಗಿ ಕೇಳುವುದನ್ನು ಕೆಡಿಸಿಕೊಂಡಂತೆ. ಅದಕ್ಕೆ ಮುದ್ರಣದ ಹೊತ್ತಿನಲ್ಲೇ ಪ್ರತಿ ಕೆಲವು ನೂರು ಮಾದರಿಗಳ ಅತಿ ಎತ್ತರ, ಅತಿ ತಗ್ಗನ್ನು ಲೆಕ್ಕಹಾಕಿ ಪುಟ್ಟ ಫೈಲಿನಲ್ಲಿ ಇಡುವ ಪದ್ಧತಿ ಬಂತು. ಚಿತ್ರ ಮೂಡುವುದು ಅದರಿಂದ, ದನಿಯ ಫೈಲಿಗೆ ಕೈ ಹಚ್ಚಬೇಕಿಲ್ಲ.

ಪಾಲ್ ಡೇವಿಸ್ ಆರಂಭಿಸಿದ ಮುಕ್ತ ತಂತ್ರಾಂಶ ಆರ್ಡರ್‌ನಲ್ಲಿ ಬಫರ್ ಹೊಂದಿಸುವ ಜಾಗವೊಂದಿದೆ. ಎಷ್ಟು ಬೈಟ್ ಬೇಕು ಎಂದು ಅದು ಕೇಳುವುದಿಲ್ಲ. ನಿಮ್ಮ ಕೆಲಸದಲ್ಲಿ ಟ್ರ್ಯಾಕುಗಳು 4ರಿಂದ 16 ಇವೆಯೇ, 16ರಿಂದ 64 ಇವೆಯೇ, ಅದಕ್ಕೂ ಹೆಚ್ಚೇ ಎಂದು ಕೇಳುತ್ತದೆ. ಡಿಸ್ಕಿನಲ್ಲಿ ಉಳಿದ ಜಾಗವನ್ನೂ ಗಿಗಾಬೈಟಿನಲ್ಲಿ ಹೇಳದೆ ಇನ್ನೆಷ್ಟು ಹೊತ್ತು ಮುದ್ರಿಸಬಹುದು ಎಂದು ತೋರಿಸುತ್ತದೆ. ಮೈಕ್ ಸೆಟ್ಟಿನ ಹುಡುಗನಿಗೆ ಬೈಟಿನ ಲೆಕ್ಕ ಯಾಕೆ ಗೊತ್ತಿರಬೇಕು? ಆಟ ಮುಗಿಯುವವರೆಗೆ ಸಾಲುತ್ತದೆಯೇ ಎಂಬುದಷ್ಟೆ ಅವನಿಗೆ ಬೇಕಾದದ್ದು. ಒಳ್ಳೆಯ ಪರದೆ ಕೆಲಸ ಮಾಡುವವರ ಪ್ರಶ್ನೆಗೆ ಅವರ ಮಾತಿನಲ್ಲೇ ಉತ್ತರ ಕೊಡುತ್ತದೆ.

ಆಡಾಸಿಟಿ ಎಂಬ ಉಚಿತ ತಂತ್ರಾಂಶ ನಮ್ಮಲ್ಲಿ ಹೆಚ್ಚು ಜನರಿಗೆ ಪರಿಚಿತ. ಮೊದಲೆಲ್ಲ ಅದು ದನಿಯನ್ನು ಸಾವಿರಾರು ಸಣ್ಣ ಫೈಲುಗಳಾಗಿ ಒಂದು ಫೋಲ್ಡರಿನಲ್ಲಿ ಇಡುತ್ತಿತ್ತು. ಫೋಲ್ಡರ್ ಬಿಟ್ಟು ಬರೀ ಪ್ರಾಜೆಕ್ಟ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದವರಿಗೆ ಮನೆಯಲ್ಲಿ ತೆರೆದಾಗ ಸಿಗುತ್ತಿದ್ದದ್ದು ಮೌನ. 2021ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿ ಎಲ್ಲವನ್ನೂ ಒಂದೇ ಫೈಲಿನೊಳಗೆ ತಂದಿತು. ಬಹುಚಾನೆಲ್ ಮುದ್ರಣಕ್ಕೆ ಆರ್ಡರ್, ರೀಪರ್‌ನಂಥ ತಂತ್ರಾಂಶಗಳು ಹೆಚ್ಚು ಸೂಕ್ತವಾದರೂ ಆಡಾಸಿಟಿಯ ಆ ಒಂದು ಬದಲಾವಣೆ ಉಳಿಸಿದ ದನಿಗಳು ಕಡಿಮೆ ಇರಲಾರವು.

ಟ್ರ್ಯಾಕಿಗೆ ಹೆಸರಿಡುವ ಸಣ್ಣ ಕೆಲಸವೂ ಇದೇ ಸಾಲಿನದು. ಹೆಸರಿಡದೆ ಮುದ್ರಿಸಿದರೆ ಕೊನೆಗೆ ಉಳಿಯುವುದು ಆಡಿಯೋ 1, ಆಡಿಯೋ 2 ಎಂಬ ಹದಿನಾರು ಫೈಲು. ಇಪ್ಪತ್ತು ವರ್ಷ ಬಿಟ್ಟು ತೆರೆದವರಿಗೆ ಯಾವುದು ಭಾಗವತರದು, ಯಾವುದು ಸಾರಥಿಯದು ತಿಳಿಯದು. ಮುಂಚೆಯೇ ಹೆಸರಿಟ್ಟರೆ ಫೈಲಿಗೂ ಅದೇ ಹೆಸರು ಬರುತ್ತದೆ. ಯೂನಿಕೋಡ್ ಬಂದ ಮೇಲೆ ‘ಮದ್ದಳೆ ಬಲ’, ‘ಮುಖವೀಣೆ’ ಎಂದು ಕನ್ನಡದಲ್ಲೇ ಬರೆಯಲು ಅಡ್ಡಿಯಿಲ್ಲ.

ಮುದ್ರಣ ಮುಗಿದ ಮೇಲೆ ಬರಹಕ್ಕಿಳಿಸುವವರ ಸರದಿ. ಅವರು ಒಂದು ಸಾಲನ್ನು ಐದಾರು ಸಲ ಕೇಳುತ್ತಾರೆ, ಹಿಂದೆ ಹೋಗುತ್ತಾರೆ, ಗಾಯಕಿಯ ಟ್ರ್ಯಾಕನ್ನಷ್ಟೆ ತೆರೆದು ವೇಗ ತಗ್ಗಿಸಿ ಮತ್ತೆ ಕೇಳುತ್ತಾರೆ. ಪ್ರತಿ ಜಿಗಿತಕ್ಕೂ ಹದಿನಾರು ಟ್ರ್ಯಾಕಿನ ಬಫರ್ ಖಾಲಿಯಾಗಿ ಮತ್ತೆ ತುಂಬಬೇಕು. ಒಂದೊಂದಕ್ಕೆ ಎರಡು ಸೆಕೆಂಡ್ ಹಿಡಿದರೂ 55 ಗಂಟೆಯ ಕಾವ್ಯಕ್ಕೆ ಅದು ದಿನಗಟ್ಟಲೆ ಕಾಯುವಿಕೆಯಾಗುತ್ತದೆ. ಹಾಗಾಗಿ ಇಂಥ ಕೆಲಸಕ್ಕೆ ಕೂರುವ ಮೊದಲು ಫೈಲುಗಳನ್ನು ಎಸ್‌ಎಸ್‌ಡಿಗೆ ನಕಲಿಸಿಕೊಳ್ಳುವುದು, ಕೇಳಬೇಕಿಲ್ಲದ ಟ್ರ್ಯಾಕುಗಳನ್ನು ಮ್ಯೂಟ್ ಮಾಡುವ ಬದಲು ಪೂರ್ತಿ ನಿಷ್ಕ್ರಿಯಗೊಳಿಸುವುದು ಒಳಿತು. ಮ್ಯೂಟ್ ಆದ ಟ್ರ್ಯಾಕನ್ನು ಅನೇಕ ತಂತ್ರಾಂಶಗಳು ಡಿಸ್ಕಿನಿಂದ ಓದುತ್ತಲೇ ಇರುತ್ತವೆ.